ಉಸ್ತೆದ್ ನಮ್ಮ ‘ನೀವು’ ಅಲ್ಲ

ಪ್ರಶ್ನೆ: ಸ್ಪ್ಯಾನಿಷ್ ಈಗಷ್ಟೇ ಶುರು ಮಾಡಿದ್ದೇನೆ. ‘ತೂ’ ಅಂದರೆ ನೀನು, ‘ಉಸ್ತೆದ್’ ಅಂದರೆ ನೀವು. ಹಿರಿಯರ ಜೊತೆ ಮಾತಾಡಲು ಇಷ್ಟು ಸಾಕಲ್ವಾ? ‘ಉಸ್ತೆದ್ ಎಸ್ತಾಸ್’ ಅಂದರೆ ಆಯ್ತಲ್ವಾ?

ಉತ್ತರ: ಸಾಲದು. ಇದನ್ನು ಎಷ್ಟು ಜನ ಕೇಳಿದ್ದಾರೋ ಲೆಕ್ಕವಿಲ್ಲ. ಒಮ್ಮೆ ಪೂರ್ತಿ ಹೇಳಿಬಿಡುತ್ತೇನೆ.

ಕನ್ನಡದ ಕಿವಿಗೆ ಮರ್ಯಾದೆ ಅಂದರೆ ಬಹುವಚನ. ‘ನನ್ನನ್ನು ಏಕವಚನದಲ್ಲಿ ಮಾತಾಡಿಸಿದ’ ಅಂತ ನಮ್ಮಲ್ಲಿ ಜಗಳವೇ ಆಗುತ್ತದೆ. ಆದರೆ ಉಸ್ತೆದ್ ಏಕವಚನ. ಅದರ ಜೊತೆ ಬರುವ ಕ್ರಿಯಾಪದ ‘ಅವನು, ಅವಳು’ಗೆ ಬರುವಂಥದ್ದೇ. ಗೆಳೆಯನಿಗೆ ‘ಕೊಮೊ ಎಸ್ತಾಸ್’ (ಹೇಗಿದ್ದೀಯಾ), ಮೇಷ್ಟ್ರಿಗೆ ‘ಕೊಮೊ ಎಸ್ತಾ’ (ಹೇಗಿದ್ದೀರಿ). ಕೊನೆಯ ‘ಸ್’ ಬಿಡುವುದರಲ್ಲೇ ಮರ್ಯಾದೆ ಇದೆ. (ಕ್ಯೂಬಾದವರು ಪದದ ಕೊನೆಯ ‘ಸ್’ ಎಷ್ಟೋ ಸಲ ನುಂಗುತ್ತಾರೆ, ಅದು ಬೇರೆ ಗೋಳು.) ಉಸ್ತೆದ್ ಅನ್ನುವ ಪದವನ್ನು ಎಷ್ಟೋ ಸಲ ಬಾಯಿಬಿಟ್ಟು ಹೇಳುವುದೂ ಇಲ್ಲ. ನೀವು ಬರೆದು ಕಳಿಸಿದ ‘ಉಸ್ತೆದ್ ಎಸ್ತಾಸ್’ ಹೇಗಿದೆ ಗೊತ್ತಾ? ‘ತಾವು ಹೇಗಿದ್ದೀಯಾ’ ಅಂದ ಹಾಗಿದೆ.

ಉಸ್ತೆದ್ ಹುಟ್ಟಿದ್ದು ‘ಬ್ವೆಸ್ತ್ರಾ ಮೆರ್ಸೆದ್’ನಿಂದ. ‘ತಮ್ಮ ಕೃಪೆ’ ಅಂತ ಅರ್ಥ. ಹಳ್ಳಿಯ ಹಳಬರು ಎದುರಿಗೆ ನಿಂತವರನ್ನೇ ‘ಬುದ್ಧಿಯೋರು ಯಾವಾಗ ಬಂದ್ರು?’ ಅಂತ ಕೇಳುತ್ತಿದ್ದರಲ್ಲ, ಅದೇ ಲೆಕ್ಕ. ಆಡುವುದು ಎದುರಿಗಿರುವವರ ಹತ್ತಿರ, ಕ್ರಿಯಾಪದ ಮಾತ್ರ ಮೂರನೆಯವರದು.

‘ಉಸ್ತೇದೆಸ್’ ಬಹುವಚನ. ಅದು ನಾಲ್ಕು ಜನರಿಗೆ, ಒಬ್ಬರಿಗಲ್ಲ. ಕಲಿಯುವಾಗ ನಾನೂ ಒಬ್ಬ ಅಜ್ಜನಿಗೆ ಭಯಭಕ್ತಿಯಿಂದ ‘ಕೊಮೊ ಎಸ್ತಾನ್’ ಅಂತ ಬಹುವಚನದಲ್ಲಿ ಕೇಳಿದ್ದೆ. ಅವರು ತಿರುಗಿ ಬೆನ್ನ ಹಿಂದೆ ಇನ್ಯಾರಿದ್ದಾರೆ ಅಂತ ನೋಡಿದರು.

ಯಾರಿಗೆ ಯಾವುದು ಅನ್ನುವುದು ಊರಿಂದ ಊರಿಗೆ ಬೇರೆ. ಸ್ಪೇನ್‌ನಲ್ಲಿ ಅಂಗಡಿಯಲ್ಲೂ ‘ತೂ’ ಸಲೀಸು. ಕೊಲಂಬಿಯಾದ ಬೊಗೊತಾದಲ್ಲಿ ಗೆಳೆಯರೂ ಉಸ್ತೆದ್ ಅನ್ನುತ್ತಾರೆ. ಅರ್ಜೆಂಟೀನಾದಲ್ಲಿ ‘ತೂ’ ಬದಲು ‘ಬೊಸ್’. ‘ಉಸ್ತೆದ್ ಹಳೇ ಕಾಲದ್ದು, ಬಿಟ್ಟುಬಿಡಿ’ ಅನ್ನುವ ರೀಲ್ಸ್ ಗುರುಗಳು ಒಂದು ಕಾಫಿ ಅಂಗಡಿ ನೋಡಿ ಇಪ್ಪತ್ತು ದೇಶಕ್ಕೆ ತೀರ್ಪು ಕೊಡುತ್ತಾರೆ. ನಾನು ಈ ವಿಷಯದಲ್ಲಿ ಪುಕ್ಕಲು. ವಯಸ್ಸಾದವರು, ಡಾಕ್ಟರು, ಪೊಲೀಸರು, ಎಲ್ಲರಿಗೂ ಉಸ್ತೆದ್. ಅವರೇ ‘ತುತೇಅಮೆ’, ಅಂದರೆ ‘ತೂ ಅನ್ನು ಸಾಕು’ ಅಂದ ಮೇಲೆ ನೋಡೋಣ.

ಪ್ರಶ್ನೆ: 7 ದಿನದಲ್ಲಿ ಕಲಿಸುವ ಆಪ್ ಹಾಕಿಕೊಳ್ಳಲಾ?

ಉತ್ತರ: ನಿಮ್ಮ ದುಡ್ಡು, ನಿಮ್ಮಿಷ್ಟ.

ಪ್ರಶ್ನೆ: ‘ಬ್ವೆನಾಸ್ ನೋಚೆಸ್’ (ಶುಭರಾತ್ರಿ) ಮಲಗುವಾಗ ಮಾತ್ರವಾ?

ಉತ್ತರ: ಅಲ್ಲ. ರಾತ್ರಿ ಯಾರಾದರೂ ಸಿಕ್ಕಾಗಲೂ ಅದನ್ನೇ ಹೇಳಿ.

ಪ್ರಶ್ನೆ: ‘ಸೆನ್ಯೋರ್’ ಮತ್ತು ‘ದೋನ್’ ಒಂದೇನಾ?

ಉತ್ತರ: ಎರಡೂ ಗಂಡಸರಿಗೆ ಮರ್ಯಾದೆಯ ಪದಗಳೇ. ಆದರೆ ಸೆನ್ಯೋರ್ ಜೊತೆ ಮನೆತನದ ಹೆಸರು, ದೋನ್ ಜೊತೆ ಸ್ವಂತ ಹೆಸರು. ಮನೆತನದ ಹೆಸರು ಎರಡಿದ್ದರೆ ಮೊದಲನೆಯದನ್ನು ಹಿಡಿಯಿರಿ. ನಮ್ಮವರು ಸುಮ್ನೆ ಕೊನೆಯದಕ್ಕೆ ಜೋತುಬೀಳುತ್ತಾರೆ. ಅದು ಸಾಮಾನ್ಯವಾಗಿ ಅಮ್ಮನ ಕಡೆಯದು.