ಚೀಟೀಲಿ ‘ಮೈಲ್ಡ್’ ಅಂತಿದೆ, ಅಂದ್ರೆ ಏನೂ ಆಗಿಲ್ವಾ?

ಪ್ರಶ್ನೆ: ನಮ್ಮ 7 ವರ್ಷದ ಮಗ ನಿನ್ನೆ ಸೈಕಲ್ಲಿಂದ ಬಿದ್ದು ತಲೆಗೆ ಪೆಟ್ಟು ಮಾಡ್ಕೊಂಡ. ಎಚ್ಚರ ತಪ್ಪಲಿಲ್ಲ, ಒಂದ್ಸಲ ವಾಂತಿ ಆಯ್ತು. ಡಾಕ್ಟರು ಕನ್‌ಕಷನ್ ಅಂದ್ರು, ಚೀಟೀಲಿ ‘ಮೈಲ್ಡ್ ಟ್ರಾಮಾಟಿಕ್ ಬ್ರೈನ್ ಇಂಜುರಿ, ಜಿಸಿಎಸ್ 15’ ಅಂತ ಬರೆದಿದಾರೆ, ಸಿಟಿ ಸ್ಕ್ಯಾನ್ ನಾರ್ಮಲ್. ಯಜಮಾನ್ರು ಮೈಲ್ಡ್ ತಾನೇ ಬಿಡು ಅಂತಾರೆ, ನಂಗೆ ಬ್ರೈನ್ ಇಂಜುರಿ ಅನ್ನೋದು ನೋಡಿ ಕೈಕಾಲೇ ಆಡ್ತಿಲ್ಲ. ಇವೆರಡೂ ಬೇರೆ ಬೇರೆನಾ?

ಉತ್ತರ: ನಿಮ್ಮ ಮಗನ ವಿಷಯದಲ್ಲಿ ಕನ್‌ಕಷನ್, ಮೈಲ್ಡ್ ಟ್ರಾಮಾಟಿಕ್ ಬ್ರೈನ್ ಇಂಜುರಿ (ಅಂದ್ರೆ ಪೆಟ್ಟಿಂದ ಮೆದುಳಿಗಾದ ತೊಂದರೆ) ಎರಡೂ ಒಂದೇ. ಬಾಯಲ್ಲಿ ಒಂದು ಹೇಳಿ ಚೀಟೀಲಿ ಇನ್ನೊಂದು ಬರೆಯೋದು ನಮ್ಮ ಡಾಕ್ಟರುಗಳ ಕೆಟ್ಟ ಅಭ್ಯಾಸ, ಅದಕ್ಕೇ ಒಂದೇ ಮನೇಲಿ ಒಬ್ರಿಗೆ ಧೈರ್ಯ ಒಬ್ರಿಗೆ ಗಾಬರಿ.

ಜಿಸಿಎಸ್ ಅಂದ್ರೆ ಗ್ಲಾಸ್ಗೋ ಕೋಮಾ ಸ್ಕೇಲ್, 1974ರಲ್ಲಿ ಬಂದಿದ್ದು. ಕಣ್ಣು ಬಿಡೋದು, ಮಾತು, ಕೈಕಾಲು ಆಡಿಸೋದು ಮೂರನ್ನೂ ನೋಡಿ 3ರಿಂದ 15ರವರೆಗೆ ಅಂಕ ಕೊಡ್ತಾರೆ, 13ರಿಂದ 15 ಬಂದ್ರೆ ಸಾಮಾನ್ಯವಾಗಿ ಮೈಲ್ಡ್. ಅಂದ್ರೆ ಆ ಹೊತ್ತಲ್ಲಿ ಮಗುಗೆ ಎಷ್ಟು ಎಚ್ಚರ ಇತ್ತು ಅಂತಷ್ಟೇ ಅದು ಹೇಳೋದು, ತಲೆನೋವು ಎಷ್ಟು ದಿನ ಇರುತ್ತೆ, ಓದ್ತಾ ಕೂತ್ರೆ ಸುಸ್ತಾಗುತ್ತಾ ಅಂತ ಹೇಳಲ್ಲ. ಸ್ಕ್ಯಾನೂ ಹಾಗೇ, ರಕ್ತಸ್ರಾವ ಆಗಿದ್ರೆ, ಮೂಳೆ ಬಿರುಕು ಬಿಟ್ಟಿದ್ರೆ ತೋರ್ಸುತ್ತೆ, ಕನ್‌ಕಷನ್ನಲ್ಲಿ ಮೆದುಳು ಅಲುಗಾಡಿ ಅದರ ಕೆಲಸ ಸ್ವಲ್ಪ ದಿನ ಏರುಪೇರಾಗಿರುತ್ತೆ ಅಷ್ಟೆ, ಅದು ಸಿಟೀಲಿ ಕಾಣಲ್ಲ. ಎಚ್ಚರ ತಪ್ಪದೇನೂ ಇದು ಆಗ್ಬಹುದು. ಕಂಟ್ಯೂಷನ್ ಅಂತ ಇನ್ನೊಂದು ಪದ ಇದೆ, ಕೇಳೋಕೆ ಒಂದೇ ಥರ ಆದ್ರೂ ಅದು ಮೆದುಳೇ ಜಜ್ಜಿ ರಕ್ತ ಕಟ್ಟಿರೋದು, ನಿಮ್ಮ ಮಗಂಗೆ ಆಗಿರೋದು ಅದಲ್ಲ.

ನಿದ್ದೆ ಮಾಡ್ಲಿ, ತಡೀಬೇಡಿ. ಆದ್ರೆ ಎಬ್ಬಿಸಿದ್ರೂ ಏಳ್ತಿಲ್ಲ, ವಾಂತಿ ಮತ್ತೆ ಮತ್ತೆ ಆಗ್ತಿದೆ, ತಲೆನೋವು ಏರ್ತಾನೇ ಇದೆ, ಫಿಟ್ಸ್ ಬಂತು, ಮಾತು ತೊದಲ್ತಿದೆ, ಕಿವಿ ಮೂಗಿಂದ ನೀರಿನ ಥರ ಸೋರ್ತಿದೆ ಅಂದ್ರೆ ಚೀಟೀಲಿ ಏನೇ ಬರೆದಿರ್ಲಿ ತಕ್ಷಣ ಆಸ್ಪತ್ರೆಗೆ ಓಡಿ.

ಒಂದೆರಡು ದಿನ ರೆಸ್ಟ್ ಸಾಕು, ವಾರಗಟ್ಟಲೆ ಕತ್ತಲೆ ಕೋಣೇಲಿ ಮಲಗಿಸೋದು ಬೇಡ. ಆಮೇಲೆ ನಿಧಾನಕ್ಕೆ ಓಡಾಟ, ಸ್ಕೂಲು. ಜಾಸ್ತಿ ಮಕ್ಕಳು 4 ವಾರದೊಳಗೆ ಸರಿಹೋಗ್ತಾರೆ. ಸೈಕಲ್ಲು ಮಾತ್ರ ಡಾಕ್ಟರು ಹ್ಞೂಂ ಅನ್ನೋವರೆಗೂ ಮೂಲೇಲಿರ್ಲಿ, ಮೊದಲ ಪೆಟ್ಟು ಮಾಗೋ ಮುಂಚೆ ಇನ್ನೊಂದು ಬೀಳೋದೇ ನಮಗೆ ಭಯ.