ಸುಳ್ಳಾಡುವ ನಿರೂಪಕನನ್ನು ನಂಬುವುದು ಹೇಗೆ?

ಪ್ರಶ್ನೆ: ‘ನಾನು’ ಎಂದು ಕತೆ ಹೇಳುವವನು ಸುಳ್ಳುಗಾರನೆಂದು ತಿಳಿದ ಮೇಲೂ ಕೆಲವೆಡೆ ಅವನ ಮೇಲಿನ ಅಕ್ಕರೆ ಕಡಿಮೆಯಾಗುವುದಿಲ್ಲ, ಇನ್ನು ಕೆಲವೆಡೆ ಮೋಸಹೋದೆನೆಂದು ಸಿಟ್ಟು ಬರುತ್ತದೆ. ಕಾರಣವೇನು?
– ಓದುಗರೊಬ್ಬರು, ಶಿರಸಿ

ಉತ್ತರ: ಅವನು ಸುಳ್ಳು ಹೇಳುತ್ತಿರುವುದು ಯಾರಿಗೆ ಎಂಬುದನ್ನು ಮೊದಲು ನೋಡಬೇಕು. ಮಾಸ್ತಿಯವರ ‘ರಂಗನ ಮದುವೆ’ಯ ನಿರೂಪಕ ಕತೆಗೆ ಬರುವ ಮುನ್ನ ತನ್ನ ಹೊಸಹಳ್ಳಿಯನ್ನು ಹೊಗಳುತ್ತಾನೆ, ಆದರೆ ಹೊಗಳಲು ಆರಿಸಿಕೊಳ್ಳುವುದು ಅಲ್ಲಿಯ ಮಾವಿನಕಾಯಿಯ ಹುಳಿಯನ್ನು, ಅದನ್ನು ತಿಂದು ತನಗೆ ಕೆಮ್ಮು ಹತ್ತಿದ್ದನ್ನು. ಊರಿನ ಕಾಯಿ ಹುಳಿಯೆಂದು ತಾನೇ ಒಪ್ಪಿಕೊಳ್ಳುವವನ ಮಾತಿನಲ್ಲಿ ನಮಗೆ ಸಹಜವಾಗಿ ಸಲುಗೆ ಹುಟ್ಟುತ್ತದೆ. ಮುಂದೆ ಅವನು, ಮದುವೆ ಬೇಡವೆನ್ನುತ್ತಿದ್ದ ರಂಗನ ಮನಸ್ಸು ಸೆಳೆದ ಹುಡುಗಿ ರತ್ನಳಿಗೆ ಮದುವೆಯಾಗಿದೆಯೆಂದು ಅವನಿಗೆ ಸುಳ್ಳು ಹೇಳುತ್ತಾನೆ, ಜ್ಯೋತಿಷ್ಯ ಹೇಳುವ ಶಾಸ್ತ್ರಿಗಳಿಗೆ ಏನು ನುಡಿಯಬೇಕೆಂದು ಹೇಳಿಕೊಟ್ಟು ಬರುತ್ತಾನೆ. ಆ ಪಾಠ ನಡೆದದ್ದನ್ನು ಮಾತ್ರ ನಮ್ಮಿಂದ ಬಚ್ಚಿಡುವುದಿಲ್ಲ. ಹಾಗಾಗಿ ಮೋಸಹೋಗುವವನು ರಂಗ, ನಾವು ಒಳಸಂಚಿನ ಪಾಲುದಾರರು. ಪಾಲುದಾರನ ಮೇಲೆ ಸಿಟ್ಟೇಕೆ ಬಂದೀತು?

ಅಗಾಥಾ ಕ್ರಿಸ್ಟಿಯವರ 1926ರ ಪತ್ತೇದಾರಿ ಕಾದಂಬರಿ ‘ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್’ನಲ್ಲಿ ಬಲೆ ಬೀಸಿರುವುದು ನಮಗೇ. (ಅದನ್ನು ಓದಬೇಕೆಂದಿರುವವರು ಮುಂದಿನ ಪರಿಚ್ಛೇದಕ್ಕೆ ದಾಟಿಬಿಡಿ.) ಅಲ್ಲಿಯ ವೈದ್ಯ ನಿರೂಪಕ ನೇರವಾಗಿ ಸುಳ್ಳಾಡುವುದಕ್ಕಿಂತ ಹೆಚ್ಚಾಗಿ ತಾನು ಕೊಲೆ ಮಾಡಿದ ನಡುವಿನ ಕೆಲವು ನಿಮಿಷಗಳನ್ನು ಬಿಟ್ಟು ಬರೆಯುತ್ತಾನೆ, ಕೊನೆಯಲ್ಲಿ ಆ ಜಾಣ್ಮೆಗೆ ತಾನೇ ಬೀಗುತ್ತಾನೆ. ನಮಗೂ ಮೆಚ್ಚುಗೆಯಾಗುತ್ತದೆ, ಆದರೆ ಅದು ಚದುರಂಗದಲ್ಲಿ ಸೋತವನ ಮೆಚ್ಚುಗೆ. ಅವನಿಗಾಗಿ ಮನಸ್ಸು ಕರಗುವುದಿಲ್ಲ.

ನನ್ನ ಮಟ್ಟಿಗೆ ಇವೆರಡಕ್ಕಿಂತ ಕಷ್ಟದ ಕೆಲಸವನ್ನು ಮಾಡಿರುವುದು ವಿವೇಕ ಶಾನಭಾಗರ ‘ಘಾಚರ್ ಘೋಚರ್’ (2013). ಕಾಫಿ ಹೌಸಿನಲ್ಲಿ ಕುಳಿತು ಮನೆಯ ಕತೆ ಹೇಳುವ ಅದರ ನಿರೂಪಕನಿಗೆ ಹೆಸರೇ ಇಲ್ಲ. ಚಿಕ್ಕಪ್ಪನ ದುಡಿಮೆಯನ್ನು ನೆಚ್ಚಿ ಬದುಕುವ ಸಂಸಾರ ಅದು. ಆ ಚಿಕ್ಕಪ್ಪನನ್ನು ಕಾಣಲು ಅಡುಗೆ ಹಿಡಿದು ಬಂದ ಹೆಣ್ಣೊಬ್ಬಳನ್ನು ಮನೆಯ ಹೆಂಗಸರು ಬೈದು ಬಾಗಿಲಿನಿಂದಲೇ ಅಟ್ಟುತ್ತಾರೆ. ನಿರೂಪಕ ಅದನ್ನು ಮುಚ್ಚಿಡುವುದಿಲ್ಲ, ತಾನು ಅವಳ ಪರ ನಿಲ್ಲಲಿಲ್ಲವೆಂಬುದನ್ನೂ ಕಾಣಗೊಡುತ್ತಾನೆ. ಕಂಡದ್ದಕ್ಕೆಲ್ಲ ಸರಿಯಾದ ಹೆಸರಿಡಲು ಮಾತ್ರ ಹಿಂಜರಿಯುತ್ತಾನೆ. ಅವನು ವರದಿ ಮಾಡುವುದನ್ನು ನಾವು ನಂಬುತ್ತೇವೆ, ಅದರಿಂದ ಅವನು ತೆಗೆಯುವ ಅರ್ಥವನ್ನು ನಂಬಲಾರೆವು. ಈ ಬಿರುಕಿನಲ್ಲಿ ಓದುಗನ ಕೆಲಸ ಶುರುವಾಗುತ್ತದೆ: ಅವನು ಆಡದೆ ಬಿಟ್ಟ ಮಾತನ್ನು ನಾವೇ ಆಡಿಕೊಳ್ಳುತ್ತೇವೆ, ಆಡಿಕೊಂಡ ಮೇಲೆ ಅದು ನಮ್ಮದೇ ಆಗಿಬಿಡುತ್ತದೆ. ನೀವು ಹೇಳುವ ಅಕ್ಕರೆಯೂ, ಅದರೊಡನೆ ಬರುವ ಕಸಿವಿಸಿಯೂ ಹುಟ್ಟುವುದು ಅಲ್ಲಿಯೇ.