ಫ್ಲೂ ಇಂಜೆಕ್ಷನ್ ಆದ ಮರುದಿನ ಅಮ್ಮನಿಗೆ ಜ್ವರ: ಲಸಿಕೆಯಿಂದಲೇ ಫ್ಲೂ ಬಂತಾ?

ಬಹುಶಃ ಇದು ಲಸಿಕೆಗೆ ಮೈ ತೋರಿಸುವ ಪ್ರತಿಕ್ರಿಯೆ ಅಷ್ಟೇ, ಫ್ಲೂ ಅಲ್ಲ. ಇಂಜೆಕ್ಷನ್‌ನಲ್ಲಿ ಜೀವಂತ ವೈರಸ್ ಇರಲ್ಲ, ಹಾಗಾಗಿ ಅದರಿಂದ ಫ್ಲೂ ಬರೋಕೆ ಸಾಧ್ಯ ಇಲ್ಲ. ನಮ್ಮತ್ತೆಗೂ ಹೀಗೇ ಆಗಿತ್ತು. ತೋಳು ಎತ್ತೋಕಾಗದೆ ತಲೆ ಬಾಚೋಕೂ ನನ್ನನ್ನೇ ಕರೀತಿದ್ರು.

ಮೊದಲು ಇಂಜೆಕ್ಷನ್ ಕೊಟ್ಟ ತೋಳು ನೋಯ್ತಿದ್ದರೆ ಅಲ್ಲಿಗೆ ತಣ್ಣೀರ ಬಟ್ಟೆ ಇಡಿ, ತಿಕ್ಕಬೇಡಿ. ಗಂಜಿ, ನೀರು ಕೊಡ್ತಾ ಇರಿ. ಜ್ವರ ಜಾಸ್ತಿ ಅನಿಸಿದರೆ ಪ್ಯಾರಾಸಿಟಮಾಲ್ ಕೊಡಿ. ಲಿವರ್ ತೊಂದರೆ ಇದ್ದರೆ ಡಾಕ್ಟರನ್ನು ಕೇಳಿಯೇ ಕೊಡಿ. ಬಿಪಿ, ಶುಗರ್ ಮಾತ್ರೆ ಸುಮ್ನೆ ನಿಲ್ಲಿಸಬೇಡಿ. ಇಂಥ ಜ್ವರ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತೆ. ಆದರೆ ಉಸಿರಾಟದ ತೊಂದರೆ, ಮುಖ ಊದುವುದು ಕಂಡರೆ ಕಾಯದೆ ಆಸ್ಪತ್ರೆಗೆ ಹೋಗಿ.

ಜ್ವರ ಇಳಿಯದೇ ಇದ್ದರೆ? ಅಮ್ಮ ದರಗು (ಒಣಗಿ ಉದುರಿದ ಎಲೆ) ತರೋಕೆ ಕಾಡಿಗೆ ಹೋಗ್ತಾರೆ ಅಂದಿದ್ದೀರಿ, ನನಗೆ ಅದೇ ಯೋಚನೆ. ಶಿವಮೊಗ್ಗ ಜಿಲ್ಲೆಯ ನಿಮ್ಮ ಸಾಗರದ ಕಡೆ ಡಿಸೆಂಬರ್‌ನಿಂದ ಮೇವರೆಗೆ ಉಣುಗಿನಿಂದ ಹರಡುವ ಮಂಗನ ಕಾಯಿಲೆ ಕಾಲ ಅಲ್ವಾ? ಫ್ಲೂ ಲಸಿಕೆ ಅದನ್ನು ತಡೆಯಲ್ಲ. ಇಲ್ಲಿಂದ ಇಂಥದ್ದೇ ಜ್ವರ ಅಂತ ಹೇಳೋಕಾಗಲ್ಲ. ಮೂರನೇ ದಿನವೂ ಜ್ವರ ಇದ್ದರೆ, ಅಥವಾ ಅದಕ್ಕೂ ಮೊದಲೇ ವಿಪರೀತ ತಲೆನೋವು, ಸುಸ್ತು ಬಂದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರ್ಕೊಂಡು ಹೋಗಿ, ಕಾಡಿಗೆ ಹೋಗಿದ್ದನ್ನು ಹೇಳಿ ರಕ್ತಪರೀಕ್ಷೆ ಕೇಳಿ. ಅಲ್ಲಿವರೆಗೆ ಬ್ರೂಫೆನ್, ಆಸ್ಪಿರಿನ್ ಥರದ ನೋವಿನ ಮಾತ್ರೆ ಅಂಗಡಿಯಿಂದ ತಂದು ಕೊಡಬೇಡಿ. ಹೃದಯಕ್ಕೆ ಅಂತ ಡಾಕ್ಟರೇ ಆಸ್ಪಿರಿನ್ ಬರೆದಿದ್ದರೆ ಅವರನ್ನೇ ಕೇಳಿ.